ಸೌಮ್ಯತೆ: ಬೆಟ್ಟ ಇಳಿದ ಮೇಲೂ ಬೇಕಾದ ಸದ್ಗುಣ



ಪವಿತ್ರ ಬೈಬಲ್ಲಿನ ಆದಿಕಾಂಡದಲ್ಲಿ ಬರುವ ಜೋಸೆಫನ ಕಥೆ ನಿಮಗೆಲ್ಲ ಗೊತ್ತೇ ಇದೆ. ಒಡಹುಟ್ಟಿದ ಅಣ್ಣಂದಿರೇ ಅವನನ್ನು ಗುಂಡಿಗೆ ತಳ್ಳಿದರು, ಆಮೇಲೆ ಇಪ್ಪತ್ತು ಬೆಳ್ಳಿ ನಾಣ್ಯಕ್ಕೆ ಮಾರಿದರು. ಮುಂದೆ ಅವನು ಈಜಿಪ್ಟ್ ದೇಶದಲ್ಲಿ ದೊಡ್ಡ ಅಧಿಕಾರಿಯಾದ. ಬರಗಾಲ ಬಂದಾಗ ಅದೇ ಅಣ್ಣಂದಿರು ಧಾನ್ಯ ಕೇಳಿಕೊಂಡು ಅವನ ಮುಂದೆ ಬಂದು ನಿಂತರು. ಜೋಸೆಫ ಅವರನ್ನು ಅಪ್ಪಿಕೊಂಡು ಅತ್ತ. ತಂದೆಯನ್ನು ಕರೆತರಲು ಗಾಡಿ ಕೊಟ್ಟ, ಬಟ್ಟೆ ಕೊಟ್ಟ, ದಾರಿಗೆ ಬುತ್ತಿ ಕೊಟ್ಟ. ಎಲ್ಲಾ ಕೊಟ್ಟ ಮೇಲೆ ಕೊನೆಗೆ ಒಂದು ಬುದ್ಧಿಮಾತನ್ನೂ ಕೊಟ್ಟು ಕಳಿಸಿದ. ಹೋಗುವ ದಾರಿಯಲ್ಲಿ ತಮ್ಮತಮ್ಮಲ್ಲೇ ಜಗಳ ಮಾಡಿಕೊಳ್ಳದೆ ಹೋಗಬೇಕು ಎಂದು.

ಯಾಕೆ ಹಾಗೆ ಹೇಳಿದ? ಅಣ್ಣಂದಿರ ಸ್ವಭಾವ ಅವನಿಗೆ ಗೊತ್ತಿತ್ತು. ಗಾಡಿ ಊರಾಚೆ ಹೋದ ಕೂಡಲೇ "ಮಾರೋಣ ಅಂದವನು ನೀನು", "ಗುಂಡಿಗೆ ಹಾಕಿದವನು ನೀನು" ಅಂತ ಶುರುವಾಗುತ್ತಿತ್ತು. ಸಿಕ್ಕ ಕ್ಷಮೆಯೆಲ್ಲ ದಾರಿಯಲ್ಲೇ ಚೆಲ್ಲಿಹೋಗುತ್ತಿತ್ತು.

ಈ ಮಾತು ನಮ್ಮಂಥ ಯಾತ್ರಾರ್ಥಿಗಳಿಗೇ ಹೇಳಿದ ಹಾಗಿದೆ, ಅಲ್ಲವೇ? ಮೆಟ್ಟಿಲು ಹತ್ತಿ, ಮೊಂಬತ್ತಿ ಹಚ್ಚಿ, ಪಾಪನಿವೇದನೆ ಮಾಡಿ, ಪೂಜೆಯಲ್ಲಿ ಪ್ರಸಾದ ಸ್ವೀಕರಿಸಿ, ಕಣ್ಣೀರಿಟ್ಟು ಪ್ರಾರ್ಥಿಸುತ್ತೇವೆ. ಬೆಟ್ಟ ಇಳಿದು ಬಸ್ಸಿನ ಹತ್ತಿರ ಬರುವಷ್ಟರಲ್ಲಿ ಮುಂದಿನ ಸೀಟಿಗೆ ಜಗಳ. ನೀರಿನ ಕ್ಯಾನ್ ಮರೆತವರ್ಯಾರು ಅಂತ ಜಗಳ. ಮಗು ಐಸ್‌ಕ್ರೀಮ್ ಕೇಳಿದರೆ ಒಂದೇಟು. ನಾನು ದೇವಶಾಸ್ತ್ರ ಓದಿದವನಲ್ಲ, ಪಿಯುಸಿ ಮುಗಿಸಿ ಆಫೀಸಿನ ರಸೀದಿ ಪುಸ್ತಕ ಬರೆಯುವವನು. ಆದರೆ ಕೌಂಟರಿನ ಕಿಟಕಿಯಿಂದ ವರ್ಷಗಟ್ಟಲೆ ಜನರನ್ನು ನೋಡುತ್ತಾ ಬಂದವನಿಗೆ ಒಂದು ವಿಷಯ ಚೆನ್ನಾಗಿ ಗೊತ್ತಾಗಿದೆ. ಹರಕೆ ತೀರಿಸುವುದು ಸುಲಭ, ನಾಲಿಗೆ ಹಿಡಿಯುವುದು ಕಷ್ಟ. ಆದ್ದರಿಂದ ಈ ಸಲದ ಪಾಠಕ್ಕೆ ಸೌಮ್ಯತೆ ಎಂಬ ಸದ್ಗುಣವನ್ನು ಆರಿಸಿಕೊಂಡಿದೆ.

ಸೌಮ್ಯತೆ ಅಂದರೆ ಏನು?

ಸೌಮ್ಯ ಸ್ವಭಾವ ಅಂದ ಕೂಡಲೇ ನಮ್ಮ ಜನ "ಪಾಪ, ಮೆತ್ತಗಿನ ಮನುಷ್ಯ, ಏನೂ ಗೊತ್ತಾಗಲ್ಲ" ಅಂದುಕೊಳ್ಳುತ್ತಾರೆ. "ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು" ಎಂಬ ಗಾದೆ ಬೇರೆ ಇದೆ. ಆದರೆ ಬೈಬಲ್ ಹೇಳುವ ಸೌಮ್ಯತೆ ಬೇರೆಯೇ. ಹೊಸ ಒಡಂಬಡಿಕೆ ಬರೆದದ್ದು ಗ್ರೀಕ್ ಭಾಷೆಯಲ್ಲಿ. ಅಲ್ಲಿ ಸೌಮ್ಯತೆಗೆ ಬಳಸಿದ ಪದವನ್ನೇ ಆ ಭಾಷೆಯವರು ಪಳಗಿದ ಪ್ರಾಣಿಗೂ ಬಳಸುತ್ತಿದ್ದರು. ನಮ್ಮ ರೈತರಿಗೆ ಇದು ಬೇಗ ಅರ್ಥವಾಗುತ್ತದೆ. ಪಳಗಿದ ಎತ್ತಿಗೆ ಶಕ್ತಿ ಕಡಿಮೆ ಇರುತ್ತದೆಯೇ? ಇಲ್ಲ. ಪಳಗದ ಹೋರಿಯ ಶಕ್ತಿ ಬೇಲಿ ಮುರಿಯುತ್ತದೆ, ಪಳಗಿದ ಎತ್ತಿನ ಶಕ್ತಿ ಹೊಲ ಉಳುತ್ತದೆ. ಶಕ್ತಿ ಅದೇ, ಅದು ಯಾರ ಹಿಡಿತದಲ್ಲಿದೆ ಎಂಬುದಷ್ಟೇ ವ್ಯತ್ಯಾಸ. ದೇವರ ಹಿಡಿತಕ್ಕೆ ಬಂದ ಶಕ್ತಿಯೇ ಸೌಮ್ಯತೆ.

ಮೋಶೆಯನ್ನು ನೋಡಿ. ಭೂಮಿಯ ಮೇಲಿದ್ದ ಎಲ್ಲರಿಗಿಂತ ಅವನು ಸಾತ್ವಿಕನಾಗಿದ್ದ ಎಂದು ಸಂಖ್ಯಾಕಾಂಡ ಹೇಳುತ್ತದೆ. ಹುಟ್ಟಿನಿಂದಲೇ ಹಾಗಿದ್ದನೇ? ಇಲ್ಲ. ಯೌವನದಲ್ಲಿ ಸಿಟ್ಟಿನಿಂದ ಒಬ್ಬ ಈಜಿಪ್ಟಿನವನನ್ನು ಹೊಡೆದು ಕೊಂದು ಮರಳಿನಲ್ಲಿ ಹೂತವನು ಅವನು. ಆಮೇಲೆ ಮಿದ್ಯಾನಿನಲ್ಲಿ ಮಾವನ ಕುರಿ ಕಾಯುತ್ತಾ ವರ್ಷಗಟ್ಟಲೆ ಕಳೆದ. ಕುರಿ ಹಿಂದೆ ನಡೆದವನಿಗೆ ಅವಸರ ಕಡಿಮೆಯಾಗುತ್ತದೆ. ಮುಂದೆ ಸ್ವಂತ ಅಕ್ಕನೇ ಅವನ ವಿರುದ್ಧ ಮಾತಾಡಿ ಕುಷ್ಠ ಹಿಡಿದಾಗ "ಚೆನ್ನಾಗಿ ಆಯ್ತು" ಅನ್ನಲಿಲ್ಲ, ಅವಳ ಗುಣಕ್ಕಾಗಿ ದೇವರಿಗೆ ಮೊರೆಯಿಟ್ಟ. ಅಂದರೆ ಸೌಮ್ಯತೆ ಕಲಿಯುವಂಥದ್ದು. "ನನ್ನ ಸ್ವಭಾವವೇ ಹಾಗೆ, ನಮ್ಮಪ್ಪನೂ ಹೀಗೇ ಇದ್ದರು" ಎಂಬ ನೆಪ ಇಲ್ಲಿ ನಡೆಯುವುದಿಲ್ಲ.

ಸಂತ ಪೌಲರು ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಪವಿತ್ರಾತ್ಮರ ಫಲಗಳ ಪಟ್ಟಿಯೊಳಗೆ ಸೌಮ್ಯತೆಯನ್ನು ಸೇರಿಸಿದ್ದಾರೆ. ಫಲ ಎಂಬ ಪದ ಗಮನಿಸಿ. ತೆಂಗಿನ ಸಸಿ ನೆಟ್ಟ ಮಾರನೇ ದಿನ ಕಾಯಿ ಕೀಳುವವರಿಲ್ಲ. ನೀರು ಹಾಕಬೇಕು, ಕಾಯಬೇಕು.

ಯೇಸುಸ್ವಾಮಿ ತೋರಿಸಿದ ದಾರಿ

ತಾನು ಸೌಮ್ಯ, ದೀನ ಹೃದಯದವನು, ತನ್ನಿಂದ ಕಲಿಯಿರಿ ಎಂದು ಯೇಸುಸ್ವಾಮಿ ನಮ್ಮನ್ನು ಕರೆದಿದ್ದಾರೆ. ಅವರ ಜೀವನದ ಮೂರು ಘಟನೆಗಳನ್ನು ನೋಡೋಣ.

ಮೊದಲನೆಯದು ಲೂಕನ ಶುಭಸಂದೇಶದ 9ನೇ ಅಧ್ಯಾಯದಲ್ಲಿದೆ. ಯೇಸುಸ್ವಾಮಿ ಜೆರುಸಲೇಮಿಗೆ ಹೊರಟಿದ್ದರು. ದಾರಿಯಲ್ಲಿ ಸಮಾರಿಯದ ಒಂದು ಹಳ್ಳಿಯವರು ಉಳಿದುಕೊಳ್ಳಲು ಜಾಗ ಕೊಡಲಿಲ್ಲ. ಶಿಷ್ಯರಾದ ಯಕೋಬ ಮತ್ತು ಯೊವಾನ್ನರಿಗೆ ಸಿಟ್ಟು ನೆತ್ತಿಗೇರಿತು. ಆಕಾಶದಿಂದ ಬೆಂಕಿ ಕರೆದು ಊರನ್ನೇ ಸುಡೋಣವೇ ಅಂತ ಕೇಳಿದರು. ಯೇಸುಸ್ವಾಮಿ ಗದರಿಸಿದ್ದು ಹಳ್ಳಿಯವರನ್ನಲ್ಲ, ಶಿಷ್ಯರನ್ನು. ಆಮೇಲೆ ಸುಮ್ಮನೆ ಬೇರೆ ಹಳ್ಳಿಗೆ ನಡೆದರು. ಕೆಲವು ಜಗಳಗಳಿಗೆ ಇರುವ ಒಳ್ಳೆಯ ಉತ್ತರ ಇಷ್ಟೇ: ಮುಂದಿನ ಊರಿಗೆ ನಡೆಯುವುದು.

ಎರಡನೆಯದು ಮಕ್ಕಳ ಪ್ರಸಂಗ. ತಾಯಂದಿರು ಕಂದಮ್ಮಗಳನ್ನು ತಂದಾಗ ಶಿಷ್ಯರು ಗದರಿಸಿ ಅಟ್ಟಲು ನೋಡಿದರು. ಯೇಸುಸ್ವಾಮಿಗೆ ಅದು ಹಿಡಿಸಲಿಲ್ಲ, ಶಿಷ್ಯರ ಮೇಲೆ ಕೋಪವೇ ಬಂತು. ಮಕ್ಕಳನ್ನು ಅಪ್ಪಿಕೊಂಡು ಆಶೀರ್ವದಿಸಿದರು. ಸೌಮ್ಯರಿಗೆ ಕೋಪವೇ ಬರಬಾರದು ಅಂತಿಲ್ಲ. ಬಲವಿಲ್ಲದವರ ಪರವಾಗಿ ಬರುವ ಕೋಪವೂ ಇದೆ.

ಮೂರನೆಯದು ಶ್ರಮೆಯ ರಾತ್ರಿ. ವಿಚಾರಣೆಯ ಹೊತ್ತಿನಲ್ಲಿ ಒಬ್ಬ ಕಾವಲುಗಾರ ಯೇಸುಸ್ವಾಮಿಯ ಕೆನ್ನೆಗೆ ಹೊಡೆದ. ಅವರು ತಿರುಗಿ ಹೊಡೆಯಲಿಲ್ಲ, ಬೈಯಲಿಲ್ಲ. ಹಾಗಂತ ಸುಮ್ಮನೆಯೂ ಇರಲಿಲ್ಲ. ತಾನು ಹೇಳಿದ್ದರಲ್ಲಿ ತಪ್ಪಿದ್ದರೆ ತೋರಿಸು, ತಪ್ಪಿಲ್ಲದಿದ್ದರೆ ಹೊಡೆದದ್ದೇಕೆ ಎಂದು ಕೇಳಿದರು. ಈ ಪ್ರಶ್ನೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸಿಟ್ಟನ್ನು ಪಳಗಿಸಿದ ಸಂತರು

ಧರ್ಮಸಭೆಯಲ್ಲಿ ಸೌಮ್ಯತೆಗೆ ಹೆಸರಾದ ಸಂತರೆಂದರೆ ಫ್ರಾನ್ಸಿಸ್ ಡಿ ಸೇಲ್ಸ್. 1567ರಲ್ಲಿ ಆಲ್ಪ್ಸ್ ಪರ್ವತದ ಸವಾಯ್ ಸೀಮೆಯಲ್ಲಿ, ಈಗ ಫ್ರಾನ್ಸ್ ದೇಶಕ್ಕೆ ಸೇರಿದ ಊರಲ್ಲಿ ಶ್ರೀಮಂತರ ಮನೆಯಲ್ಲಿ ಹುಟ್ಟಿದರು. ತಂದೆಯ ಆಸೆಯಂತೆ ಇಟಲಿಯ ಪಾದುವಾದಲ್ಲಿ ಕಾನೂನು ಓದಿದರು. ಆದರೆ ಮನಸ್ಸು ದೇವರ ಸೇವೆಯ ಕಡೆಗಿತ್ತು, 1593ರಲ್ಲಿ ಗುರುಗಳಾದರು. ಸ್ವಭಾವತಃ ಬೇಗ ಸಿಟ್ಟು ಬರುವವರು. ಆ ಸಿಟ್ಟಿನ ಜೊತೆ ಅವರು ವರ್ಷಗಟ್ಟಲೆ ಹೋರಾಡಿದರು.

1594ರಲ್ಲಿ ಅವರನ್ನು ಜಿನೀವಾ ಸರೋವರದ ದಕ್ಷಿಣಕ್ಕಿರುವ ಶಾಬ್ಲೆ ಸೀಮೆಗೆ ಕಳಿಸಲಾಯಿತು. ಅಲ್ಲಿನ ಜನ ಕಾಲ್ವಿನ್ ಪಂಥಕ್ಕೆ ಸೇರಿದ್ದರು. ಧರ್ಮದ ಹೆಸರಿನಲ್ಲಿ ಎರಡೂ ಕಡೆಯವರು ಕತ್ತಿ ಹಿಡಿಯುತ್ತಿದ್ದ ಕಾಲ ಅದು. ಪ್ರಸಂಗ ಮಾಡಿದರೆ ಕೇಳಲು ಬಂದವರು ಬೆರಳೆಣಿಕೆಯಷ್ಟು ಜನ. ಫಾದರ್ ಫ್ರಾನ್ಸಿಸ್ ರೇಗಲಿಲ್ಲ. ಹೇಳಬೇಕಾದ್ದನ್ನು ಚಿಕ್ಕ ಚಿಕ್ಕ ಹಾಳೆಗಳಲ್ಲಿ ಬರೆದು ಮನೆಮನೆಯ ಬಾಗಿಲ ಕೆಳಗೆ ತೂರಿಸಿದರು. ನಾಲ್ಕು ವರ್ಷದಲ್ಲಿ ಬಹಳ ಜನ ಕಥೋಲಿಕ ಸಭೆಗೆ ಮರಳಿದರು. ಅದರಲ್ಲಿ ರಾಜ್ಯವಾಳುತ್ತಿದ್ದ ಡ್ಯೂಕನ ಅಧಿಕಾರದ ಪಾಲೂ ಇತ್ತು, ಅದನ್ನು ಮರೆಮಾಚಬೇಕಿಲ್ಲ. ಆದರೆ ಜನರ ಮನಸ್ಸಿನಲ್ಲಿ ಉಳಿದದ್ದು ಡ್ಯೂಕನ ಸೈನ್ಯವಲ್ಲ, ಚಳಿಯಲ್ಲಿ ನಡೆದು ಬಂದು ಸಮಾಧಾನದಿಂದ ಮಾತಾಡುತ್ತಿದ್ದ ಈ ಯುವ ಗುರುಗಳು. ಆ ಕರಪತ್ರಗಳ ನೆನಪಿಗಾಗಿಯೇ 1923ರಲ್ಲಿ ಜಗದ್ಗುರು ಹನ್ನೊಂದನೇ ಪಿಯುಸ್ ಅವರನ್ನು ಪತ್ರಕರ್ತರ, ಬರಹಗಾರರ ಪಾಲಕ ಸಂತರೆಂದು ಸಾರಿದರು.

1602ರಲ್ಲಿ ಅವರು ಜಿನೀವಾದ ಧರ್ಮಾಧ್ಯಕ್ಷರಾದರು. ಜಿನೀವಾ ನಗರ ಕಾಲ್ವಿನ್ ಪಂಥದವರ ಕೈಯಲ್ಲಿದ್ದುದರಿಂದ ಆನ್ಸಿ ಎಂಬ ಊರಲ್ಲಿ ವಾಸವಿದ್ದರು. ಮಾರ್ಟಿನ್ ಎಂಬ ಕಿವುಡ ಯುವಕನನ್ನು ಮನೆಯಲ್ಲೇ ಇಟ್ಟುಕೊಂಡು, ಕೈಸನ್ನೆಯಲ್ಲೇ ಅವನಿಗೆ ಧರ್ಮೋಪದೇಶ ಕಲಿಸಿ ಪರಮಪ್ರಸಾದಕ್ಕೆ ಸಿದ್ಧಮಾಡಿದರು. ಧರ್ಮಾಧ್ಯಕ್ಷರಿಗೆ ಮಾಡಲು ಬೇರೆ ಕೆಲಸ ಇರಲಿಲ್ಲವೇ? ಬೇಕಾದಷ್ಟಿತ್ತು. ಆದರೂ ಒಬ್ಬನಿಗಾಗಿ ನಿಧಾನಿಸಿದರು. ಕಿವುಡರು ಅವರನ್ನು ತಮ್ಮ ಪಾಲಕರೆಂದು ಕರೆಯುವುದು ಇದಕ್ಕೇ.

1609ರಲ್ಲಿ ಅವರು ಸಂಸಾರಸ್ಥರಿಗಾಗಿಯೇ ಭಕ್ತಿಜೀವನದ ಬಗ್ಗೆ ಒಂದು ಪುಸ್ತಕ ಪ್ರಕಟಿಸಿದರು. ಭಕ್ತಿ ಮಠದಲ್ಲಿರುವವರಿಗೆ ಮಾತ್ರ ಎಂದು ಜನ ತಿಳಿದಿದ್ದ ಕಾಲ. ಅಡುಗೆ ಮಾಡುವವರು, ಅಂಗಡಿ ಇಟ್ಟವರು, ಸೈನಿಕರು ಎಲ್ಲರೂ ತಮ್ಮ ತಮ್ಮ ಜಾಗದಲ್ಲೇ ಪವಿತ್ರರಾಗಬಹುದು ಎಂದು ಅವರು ಕಲಿಸಿದರು. ಆ ಪುಸ್ತಕದ ಮೂರನೇ ಭಾಗದಲ್ಲಿ ಎರಡು ಅಧ್ಯಾಯಗಳನ್ನು ಸೌಮ್ಯತೆಗೇ ಮೀಸಲಿಟ್ಟಿದ್ದಾರೆ. ಮೇಲೆ ಹೇಳಿದ ಜೋಸೆಫನ ಬುದ್ಧಿಮಾತನ್ನು ಅವರೂ ಅಲ್ಲಿ ಎತ್ತಿಕೊಂಡು, ಈ ಬಾಳೇ ಒಂದು ಪ್ರಯಾಣ, ಜೊತೆ ನಡೆಯುವವರ ಮೇಲೆ ಸಿಟ್ಟಾಗದೆ ನಡೆಯೋಣ ಎಂಬರ್ಥದಲ್ಲಿ ವಿವರಿಸುತ್ತಾರೆ. ಅವರ ಉಪದೇಶದ ಸಾರ ನಾಲ್ಕು ಮಾತಿನಲ್ಲಿ:

1. ಸಿಟ್ಟನ್ನು ಬಾಗಿಲಲ್ಲೇ ತಡೆಯಬೇಕು. ಒಳಗೆ ಬಂದು ಕೂತ ಮೇಲೆ ಅದು ನ್ಯಾಯದ ಮಾತಾಡಲು ಶುರುಮಾಡುತ್ತದೆ. ತನ್ನ ಸಿಟ್ಟು ಅನ್ಯಾಯ ಅಂತ ಒಪ್ಪುವವರು ಎಲ್ಲಿದ್ದಾರೆ?

2. ಸಿಟ್ಟು ಏಳುತ್ತಿದೆ ಅನಿಸಿದಾಗ, ಬಿರುಗಾಳಿಗೆ ಸಿಕ್ಕ ದೋಣಿಯಲ್ಲಿ ಶಿಷ್ಯರು ಕೂಗಿಕೊಂಡಂತೆ ದೇವರನ್ನು ಕೂಗಬೇಕು. ಗಾಳಿಯ ಜೊತೆ ಕುಸ್ತಿ ಬೇಡ.

3. ಬಾಯಿ ಜಾರಿದರೆ ತಡಮಾಡದೆ ಅದೇ ವ್ಯಕ್ತಿಗೆ ಒಂದು ಸೌಮ್ಯವಾದ ಮಾತು, ಒಂದು ಉಪಕಾರ ಮಾಡಿ ಸರಿಪಡಿಸಬೇಕು. ಗಾಯ ಹಸಿಯಾಗಿರುವಾಗಲೇ ಔಷಧಿ ಹಚ್ಚಬೇಕು.

4. ಸಿಟ್ಟು ಇಲ್ಲದ ಹೊತ್ತಿನಲ್ಲೇ ಸೌಮ್ಯತೆಯನ್ನು ಕೂಡಿಡಬೇಕು. ಸಣ್ಣಪುಟ್ಟ ಮಾತನ್ನೂ ಮೃದುವಾಗಿ ಆಡಿ ಅಭ್ಯಾಸ ಮಾಡಬೇಕು. ಮಳೆಗಾಲಕ್ಕೆ ಸೌದೆಯನ್ನು ಬೇಸಿಗೆಯಲ್ಲೇ ಒಟ್ಟುತ್ತೇವಲ್ಲ, ಹಾಗೆ.

ಅವರು 1622ರ ಡಿಸೆಂಬರ್ 28ರಂದು ಲಿಯೋನ್ ನಗರದಲ್ಲಿ ತೀರಿಕೊಂಡರು. 1665ರಲ್ಲಿ ಸಂತ ಪದವಿ ದೊರೆಯಿತು. ಅವರ ಹಬ್ಬ ಜನವರಿ 24.

ಕ್ಷಮಿಸಲು ಕಷ್ಟಪಟ್ಟ ತಾಯಿ

ಸೌಮ್ಯತೆ ಹೇಗೆ ಮೆಲ್ಲಮೆಲ್ಲಗೆ ಬರುತ್ತದೆ ಎಂಬುದಕ್ಕೆ ಸಂತ ಜೇನ್ ಫ್ರಾನ್ಸಿಸ್ ಡಿ ಶಾಂತಾಲ್ ಉದಾಹರಣೆ. 1601ರಲ್ಲಿ ಅವರ ಗಂಡ ಬೇಟೆಗೆ ಹೋದಾಗ, ಜೊತೆಗಿದ್ದವರ ಗುಂಡು ಆಕಸ್ಮಿಕವಾಗಿ ತಗುಲಿ ತೀರಿಕೊಂಡರು. ಸಾಯುವ ಮುಂಚೆ ಗಂಡನೇ ಅವರನ್ನು ಕ್ಷಮಿಸಿದ್ದರು. ಆದರೆ ನಾಲ್ಕು ಚಿಕ್ಕ ಮಕ್ಕಳೊಂದಿಗೆ ವಿಧವೆಯಾದ ಹೆಂಡತಿಗೆ ಆಗಲಿಲ್ಲ. ಆ ಮನುಷ್ಯನ ಮುಖ ನೋಡುವುದೂ ಬೇಡವಾಗಿತ್ತು. ಆಮೇಲೆ ಮುಂಗೋಪಿ ಮಾವನ ಮನೆಯಲ್ಲಿ ವಾಸ. ಅಲ್ಲಿ ಮನೆವಾರ್ತೆ ನೋಡಿಕೊಳ್ಳುವ ಹೆಂಗಸಿನ ದರ್ಬಾರು, ದಿನಾ ಚುಚ್ಚುಮಾತು. ನಮ್ಮ ಎಷ್ಟೋ ಹೆಣ್ಣುಮಕ್ಕಳಿಗೆ ಇದು ಗೊತ್ತಿಲ್ಲದ ಕಥೆಯಲ್ಲ.

1604ರ ತಪಸ್ಸುಕಾಲದಲ್ಲಿ ದಿಜೋನ್ ನಗರದಲ್ಲಿ ಅವರು ಫ್ರಾನ್ಸಿಸರ ಪ್ರಸಂಗ ಕೇಳಿ ಅವರ ಮಾರ್ಗದರ್ಶನ ಕೋರಿದರು. "ಇವತ್ತೇ ಹೋಗಿ ಕ್ಷಮಿಸು" ಅಂತ ಫ್ರಾನ್ಸಿಸ್ ಆಜ್ಞೆ ಮಾಡಲಿಲ್ಲ. ಆ ಮನುಷ್ಯನನ್ನು ಹುಡುಕಿಕೊಂಡು ಹೋಗಬೇಕಿಲ್ಲ, ಎದುರಾದರೆ ಮಾತ್ರ ಹೃದಯವನ್ನು ಮೃದುವಾಗಿಟ್ಟುಕೊಳ್ಳಬೇಕು ಎಂಬ ಸಲಹೆ ಕೊಟ್ಟರು. ಕಾಲ ಹಿಡಿಯಿತು. ಕೊನೆಗೆ ಆ ತಾಯಿ ಅದೇ ಮನುಷ್ಯನ ಮಗುವಿಗೆ ಜ್ಞಾನತಾಯಿಯಾಗಿ ನಿಂತರು. 1610ರಲ್ಲಿ ಇಬ್ಬರೂ ಸೇರಿ ಆನ್ಸಿಯಲ್ಲಿ ಮರಿಯಮ್ಮನವರ ಸಂದರ್ಶನದ ಹೆಸರಿನ ಕನ್ಯಾಸ್ತ್ರೀಯರ ಸಭೆ ಸ್ಥಾಪಿಸಿದರು. ಕಠಿಣ ವ್ರತ ತಡೆಯಲಾರದ ವಿಧವೆಯರಿಗೂ, ಆರೋಗ್ಯ ಸರಿಯಿಲ್ಲದವರಿಗೂ ಅಲ್ಲಿ ಜಾಗವಿತ್ತು.

ಯಾರನ್ನಾದರೂ ಕ್ಷಮಿಸಲು ಆಗುತ್ತಿಲ್ಲ ಎಂಬ ಭಾರ ಹೊತ್ತು ಈ ಬೆಟ್ಟ ಹತ್ತಿದವರು ನಿಮ್ಮಲ್ಲಿ ಇರಬಹುದು. ಇವತ್ತೇ ಎಲ್ಲ ಇಳಿಸಲು ಆಗದಿದ್ದರೆ ಎದೆಗುಂದಬೇಡಿ. ಎದುರಾದಾಗ ಮುಖ ತಿರುಗಿಸದೆ ಇರುವ ಶಕ್ತಿಯನ್ನು ಕೇಳಿಕೊಳ್ಳಿ. ಅಲ್ಲಿಂದ ಶುರು.

ನಮ್ಮ ದಿನನಿತ್ಯದಲ್ಲಿ

ಮನೆಯಲ್ಲಿ: ಹೊರಗಿನವರ ಹತ್ತಿರ "ಹೇಳಿ ಸಾರ್", "ಬನ್ನಿ ಮೇಡಂ" ಅನ್ನುವ ನಾಲಿಗೆ ಮನೆಯೊಳಗೆ ಬಂದ ಕೂಡಲೇ ಚಾಟಿಯಾಗುತ್ತದೆ. ಸಾರಿಗೆ ಉಪ್ಪು ಹೆಚ್ಚಾಯಿತು ಅಂತ ತಟ್ಟೆ ತಳ್ಳುವವರಿದ್ದಾರೆ. ಆ ತಟ್ಟೆಯ ಹಿಂದೆ ಬೆಳಿಗ್ಗೆ ಐದಕ್ಕೆ ಎದ್ದ ಒಬ್ಬಳು ಇದ್ದಾಳೆ. ವಯಸ್ಸಾದ ತಾಯಿ ಒಂದೇ ಪ್ರಶ್ನೆಯನ್ನು ನಾಲ್ಕು ಸಲ ಕೇಳಿದರೆ ನಾಲ್ಕನೇ ಸಲವೂ ಮೊದಲ ಸಲದ ದನಿಯಲ್ಲೇ ಉತ್ತರಿಸಿ ನೋಡಿ. ಇದಕ್ಕಿಂತ ದೊಡ್ಡ ಹರಕೆ ಇಲ್ಲ.

ಮಕ್ಕಳೊಂದಿಗೆ: ಸಂತ ಡಾನ್ ಬಾಸ್ಕೊ ಒಂಬತ್ತು ವರ್ಷದ ಹುಡುಗನಾಗಿದ್ದಾಗ ಒಂದು ಕನಸು ಕಂಡರು. ಕೆಟ್ಟ ಮಾತಾಡುತ್ತಿದ್ದ ಹುಡುಗರನ್ನು ಅವರು ಗುದ್ದಲು ಹೋದರೆ, ಗುದ್ದಿನಿಂದ ಆಗುವುದಿಲ್ಲ, ಸೌಮ್ಯತೆಯಿಂದ ಗೆಲ್ಲಬೇಕು ಎಂಬ ಬೋಧೆ ಅವರಿಗೆ ಸಿಕ್ಕಿತು. 1859ರಲ್ಲಿ ಅವರು ಕಟ್ಟಿದ ಸಭೆಗೆ ಫ್ರಾನ್ಸಿಸ್ ಡಿ ಸೇಲ್ಸರ ಹೆಸರನ್ನೇ ಇಟ್ಟರು, ಅದೇ ಸಲೇಷಿಯನ್ ಸಭೆ. ನಮ್ಮ ದೇಶದಲ್ಲೂ 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಯಲ್ಲಿ ಮಕ್ಕಳನ್ನು ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ನಿಷೇಧಿಸಿದೆ. ಶಾಲೆಗೆ ಬೇಡವಾದದ್ದು ಮನೆಗೆ ಬೇಕೇ?

ದುಡಿಯುವವರೊಂದಿಗೆ: ನಮ್ಮ ಕನ್ನಡದಲ್ಲಿ ಏಕವಚನ, ಬಹುವಚನ ಅಂತ ಎರಡಿದೆ. ಅಪ್ಪನ ವಯಸ್ಸಿನ ಕಸ ಗುಡಿಸುವವರನ್ನು "ಏನಯ್ಯಾ, ಬಾ ಇಲ್ಲಿ" ಅಂತ ಕರೆಯುತ್ತೇವೆ, ಕಾರಿನಿಂದ ಇಳಿದ ಹುಡುಗನಿಗೆ "ಬನ್ನಿ" ಅನ್ನುತ್ತೇವೆ. ಹೋಟೆಲ್ ಸಪ್ಲೈಯರ್, ಆಟೋ ಡ್ರೈವರ್, ಕಂಡಕ್ಟರ್, ಮನೆಗೆಲಸದಮ್ಮ ಇವರಿಗೆ ಒಂದು "ರೀ" ಸೇರಿಸಿದರೆ ನಮ್ಮ ಗಂಟೇನೂ ಹೋಗುವುದಿಲ್ಲ.

ಸಾಲಿನಲ್ಲಿ: ಹಬ್ಬದ ದಿನ ಸಾಲು ಉದ್ದ ಇರುತ್ತದೆ. ತಳ್ಳುವವರಿರುತ್ತಾರೆ. ಹಿಂದೆ ನಿಂತ ಬಸುರಿ ಹೆಂಗಸಿಗೆ, ಮಗು ಎತ್ತಿಕೊಂಡವರಿಗೆ ದಾರಿ ಬಿಡುವುದೂ ಒಂದು ಪ್ರಾರ್ಥನೆಯೇ.

ಫೋನಿನಲ್ಲಿ: ಸಿಟ್ಟಿನಲ್ಲಿ ಕಳಿಸಿದ ವಾಟ್ಸಾಪ್ ಮಾತು ಹತ್ತು ಮನೆ ಸುತ್ತಿ ಬರುತ್ತದೆ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ. ಬರೆದದ್ದನ್ನು ಕಳಿಸದೆ ಬೆಳಗಿನವರೆಗೆ ಇಡಿ. ಬೆಳಿಗ್ಗೆ ಓದಿದರೆ ಬಹಳ ಸಲ ಕಳಿಸುವ ಅಗತ್ಯವೇ ಇರುವುದಿಲ್ಲ.

ನಮ್ಮೊಂದಿಗೆ: ಇದನ್ನು ಎಲ್ಲರೂ ಮರೆಯುತ್ತಾರೆ. ಫ್ರಾನ್ಸಿಸ್ ಡಿ ಸೇಲ್ಸರ ಎರಡನೇ ಅಧ್ಯಾಯ ಇದರ ಬಗ್ಗೆಯೇ. ಮತ್ತೆ ಸಿಟ್ಟು ಮಾಡಿಕೊಂಡೆನಲ್ಲ ಅಂತ ನಮ್ಮ ಮೇಲೆ ನಾವೇ ಸಿಟ್ಟಾದರೆ ಸಿಟ್ಟು ಎರಡಾಯಿತು, ಒಂದೂ ಕಡಿಮೆಯಾಗಲಿಲ್ಲ. ಬಿದ್ದ ಮಗುವನ್ನು ಎತ್ತಿ ಮಣ್ಣು ಕೊಡವುವ ಹಾಗೆ ನಮ್ಮ ಹೃದಯವನ್ನೂ ಎತ್ತಿ ನಿಲ್ಲಿಸಿ ಮತ್ತೆ ನಡೆಸಬೇಕು.

ಒಂದು ಮುಖ್ಯ ಎಚ್ಚರಿಕೆ

ಈ ಪಾಠ ಓದಿ ಯಾರಾದರೂ ತಾಯಿ "ಹಾಗಾದರೆ ಕುಡಿದು ಬಂದು ಹೊಡೆಯುವ ಗಂಡನನ್ನು ಸಹಿಸಿಕೊಂಡಿರುವುದೇ ಸೌಮ್ಯತೆ" ಅಂತ ತಿಳಿದರೆ ಅದು ದೊಡ್ಡ ತಪ್ಪು. ಯೇಸುಸ್ವಾಮಿಯೇ ಹೊಡೆದವನನ್ನು "ಏಕೆ" ಎಂದು ಕೇಳಿದರು. ಆ ಪ್ರಶ್ನೆ ಕೇಳುವ ಹಕ್ಕು ನಿಮಗೂ ಇದೆ. ಏಟು ಬೀಳುವ ಮನೆಯಲ್ಲಿ ಸೌಮ್ಯತೆ ಕಲಿಯಬೇಕಾದವನು ಹೊಡೆಯುವವನು. ಹೊಡೆಸಿಕೊಳ್ಳುವವರು ಮೊದಲು ತಮ್ಮನ್ನೂ ಮಕ್ಕಳನ್ನೂ ಕಾಪಾಡಿಕೊಳ್ಳಬೇಕು. ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸುವ 2005ರ ಕಾಯ್ದೆ ನಿಮ್ಮ ಪರವಾಗಿದೆ. ಮಹಿಳಾ ಸಹಾಯವಾಣಿ 181, ತುರ್ತು ಕರೆ 112, ಮಕ್ಕಳ ಸಹಾಯವಾಣಿ 1098. ಬೈಯದೆ, ಸೇಡು ಬಯಸದೆ, ಆದರೆ ಗಟ್ಟಿಯಾಗಿ "ಇನ್ನು ಸಾಕು" ಎನ್ನುವುದು ಸೌಮ್ಯತೆಗೆ ವಿರೋಧವಲ್ಲ. ದೂರು ಕೊಟ್ಟರೆ ಪಾಪ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಇಳಿಯುವಾಗ ಮಾಡಬೇಕಾದ ಅಭ್ಯಾಸ

ಹತ್ತುವಾಗ ನಮ್ಮ ಕೋರಿಕೆ ಹೇಳಿಕೊಂಡು ಹತ್ತಿದ್ದೇವೆ. ಇಳಿಯುವಾಗ ಹೀಗೆ ಮಾಡಿ. ಅರ್ಧ ದಾರಿಯವರೆಗೆ ಮಾತಾಡದೆ ಇಳಿಯಿರಿ. ಆ ಮೌನದಲ್ಲಿ ನಿಮ್ಮ ಸಿಟ್ಟಿಗೆ ಹೆಚ್ಚು ಗುರಿಯಾಗುವ ಒಬ್ಬರ ಹೆಸರನ್ನು ನೆನೆದು ಒಂದು ನಮೋ ಮರಿಯ ಹೇಳಿ. ನಂತರ ಈ ಪ್ರಶ್ನೆಗಳನ್ನು ನಿಮಗೆ ನೀವೇ ಕೇಳಿಕೊಳ್ಳಿ:

* ನಾನು ಮನೆಗೆ ಬಂದಾಗ ಮನೆಯವರು ಹಗುರವಾಗುತ್ತಾರೋ, ಹೆದರುತ್ತಾರೋ?
* ನನ್ನ ಸಿಟ್ಟು ಹೊತ್ತಿಕೊಳ್ಳುವ ಸಮಯ ಯಾವುದು? ಹಸಿವಿನ ಹೊತ್ತೇ, ದುಡ್ಡಿನ ಮಾತು ಬಂದಾಗಲೇ, ಕುಡಿದಾಗಲೇ?
* ನನಗಿಂತ ಕೆಳಗಿನವರು ಅಂತ ಯಾರೊಂದಿಗೆ ದನಿ ಏರಿಸುತ್ತೇನೆ?
* ಈ ವಾರ ಯಾರ ಹತ್ತಿರ ಹೋಗಿ ಒಂದು ಒಳ್ಳೆಯ ಮಾತು ಆಡಬೇಕಾಗಿದೆ?

ಊರಿಗೆ ಹೋದ ಮೇಲೆ ಒಂದು ವಾರ, ದಿನಕ್ಕೆ ಒಂದು ಸಲವಾದರೂ ಬಾಯಿಗೆ ಬಂದ ಕಟುಮಾತನ್ನು ನುಂಗಿಕೊಳ್ಳಿ. ಒಂದೇ ಒಂದು ಸಾಕು. ಸೂರ್ಯ ಮುಳುಗುವ ಮುಂಚೆ ಸಿಟ್ಟು ಆರಿಸಿಕೊಳ್ಳಬೇಕೆಂದು ಸಂತ ಪೌಲರು ಎಫೆಸದವರಿಗೆ ಬುದ್ಧಿ ಹೇಳಿದ್ದಾರೆ. ಮಲಗುವ ಮುಂಚೆ ಅದನ್ನು ಪಾಲಿಸಲು ಪ್ರಯತ್ನಿಸಿ.

ಪ್ರಾರ್ಥನೆ

ಸೌಮ್ಯ ಹೃದಯದ ಯೇಸುವೇ, ನನ್ನ ನಾಲಿಗೆಯನ್ನು ನಿಮ್ಮ ಕೈಗೆ ಒಪ್ಪಿಸುತ್ತೇನೆ. ನನ್ನ ಮನೆಯವರಿಗೆ ನನ್ನಿಂದ ಭಯ ಬೇಡ, ನೆಮ್ಮದಿ ಸಿಗಲಿ. ಅನ್ಯಾಯದ ಮುಂದೆ ಧೈರ್ಯವಾಗಿ, ದ್ವೇಷವಿಲ್ಲದೆ ಮಾತಾಡಲು ಕಲಿಸಿ. ಸೋತಾಗ ಎತ್ತಿ ನಿಲ್ಲಿಸಿ. ಮಾತೆ ಮರಿಯಮ್ಮನವರೇ, ಸಂತ ಫ್ರಾನ್ಸಿಸ್ ಡಿ ಸೇಲ್ಸರೇ, ಸಂತ ಜೇನ್ ಫ್ರಾನ್ಸಿಸರೇ, ನಮಗಾಗಿ ಪ್ರಾರ್ಥಿಸಿ. ಆಮೆನ್.